ಟರ್ಬೋ ಬೇಕೋ ಬೇಡವೋ: ಫ್ಯಾಮಿಲಿ ಎಸ್‌ಯುವಿ ಬುಕ್ ಮಾಡುವ ಮುನ್ನ

ಬ್ರೋಷರ್ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಪಿಎಸ್ (ಎಂಜಿನ್ ಶಕ್ತಿ) ಎಷ್ಟು ಅಂತ. ಅದರ ಪಕ್ಕದ ಟಾರ್ಕ್ ಅಂಕಿ (ಎಳೆಯುವ ಬಲ, ಎನ್‌ಎಂ ಲೆಕ್ಕದಲ್ಲಿ) ಮತ್ತು ಅದು ಸಿಗುವ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹ್ಯುಂಡೈ ಕ್ರೆಟಾದ ಎರಡು 1.5 ಲೀಟರ್ ಪೆಟ್ರೋಲ್ ಎಂಜಿನ್‌ಗಳನ್ನೇ ನೋಡಿ. ಟರ್ಬೋ ಅಂದರೆ ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ. ಅದಿಲ್ಲದ ಎನ್‌ಎ (ನ್ಯಾಚುರಲಿ ಆಸ್ಪಿರೇಟೆಡ್) ಎಂಜಿನ್ 144 ಎನ್‌ಎಂ ಕೊಡುವುದು 4500 ಆರ್‌ಪಿಎಂಗೆ ಹೋದ ಮೇಲೆ. ಟರ್ಬೋ ಎಂಜಿನ್ 1500ರಿಂದ 3500ರವರೆಗೂ 253 ಎನ್‌ಎಂ ಕೊಡುತ್ತದೆ. ನಾವು ದಿನವೂ ಓಡಿಸುವುದು ಈ ಎರಡನೇ ವ್ಯಾಪ್ತಿಯಲ್ಲೇ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ನಾಲ್ಕು ಜನ ಕೂತು, ಎಸಿ ಹಾಕಿ, ಏರು ಇರುವ ರಸ್ತೆಗೋ ಫ್ಲೈಓವರ್‌ಗೋ ಹೋಗಿ. ಮ್ಯಾನುಯಲ್ ಆದರೆ ಎರಡನೇ ಗೇರ್‌ನಲ್ಲಿ ಗಂಟೆಗೆ 15 ಕಿ.ಮೀ.ಗೆ ಇಳಿಸಿ, ಆಕ್ಸಿಲರೇಟರ್ ಒತ್ತಿ. ಎನ್‌ಎ ನಿಧಾನವಾದರೂ ಒತ್ತಿದಷ್ಟು ಎಳೆಯುತ್ತದೆ. ಟರ್ಬೋ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನುಗ್ಗುತ್ತದೆ. ಆ ಲ್ಯಾಗ್ ಈಗಲೇ ಕಿರಿಕಿರಿ ಅನ್ನಿಸಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ದಿನಾ ಅನ್ನಿಸುತ್ತದೆ.

ಘಾಟಿಯಲ್ಲಿ ಲೆಕ್ಕ ತಿರುಗುತ್ತದೆ. ಎತ್ತರ ಏರಿದಂತೆ ಗಾಳಿ ತೆಳುವಾಗಿ, ಎನ್‌ಎ ಎಂಜಿನ್ ಪ್ರತಿ 100 ಮೀಟರ್‌ಗೆ ಸುಮಾರು ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ; ಮಡಿಕೇರಿ ತಲುಪುವಾಗ ಹತ್ತರಲ್ಲೊಂದು ಪಾಲು ಹೋಗಿರುತ್ತದೆ. ಟರ್ಬೋ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಲೋಡ್ ಇರುವ ಎನ್‌ಎ ಗಾಡಿಯನ್ನು ಏರಿನಲ್ಲಿ ಎರಡನೇ ಅಥವಾ ಮೂರನೇ ಗೇರ್‌ನಲ್ಲಿ 3500-4000 ಆರ್‌ಪಿಎಂನಲ್ಲಿ ಇಟ್ಟುಕೊಳ್ಳಿ. ಕೂಗುತ್ತದೆ, ಕೂಗಲಿ. ಸದ್ದಿಗೆ ಹೆದರಿ ಗೇರ್ ಏರಿಸಿದರೆ ಗಾಡಿ ಏದುಸಿರು ಬಿಡುತ್ತದೆ, ಪೆಟ್ರೋಲೂ ಉಳಿಯುವುದಿಲ್ಲ.

ಟರ್ಬೋದಲ್ಲಿ ಅದೇ ತಪ್ಪು ದುಬಾರಿ. ಮೇಲಿನ ಗೇರ್‌ನಲ್ಲಿ 1200 ಆರ್‌ಪಿಎಂ ಇರುವಾಗ ಪೂರ್ತಿ ಒತ್ತಿದರೆ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳಬಹುದು. ಪಿಸ್ಟನ್ ಒಡೆದ ಉದಾಹರಣೆಗಳಿವೆ. ಗೇರ್ ಇಳಿಸಿ, ಆಮೇಲೆ ಒತ್ತಿ. ಟರ್ಬೋ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ತೆಳು ಆಯಿಲ್ ಪದರದ ಮೇಲೆ. ಹಾಗಾಗಿ ಕಾರಿನ ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಸಿಂಥೆಟಿಕ್ ಆಯಿಲನ್ನೇ ಹಾಕಿಸಿ, ಡಬ್ಬದ ಮೇಲೆ ಎಪಿಐ ಎಸ್‌ಪಿ ಎಂಬ ಗುಣಮಟ್ಟದ ಗುರುತು ಇದೆಯೇ ನೋಡಿ, ಬದಲಾಯಿಸುವ ಅವಧಿ ಮೀರಬೇಡಿ. ಘಾಟಿ ಹತ್ತಿದ ಕೂಡಲೇ ಟೀ ಅಂಗಡಿ ಮುಂದೆ ಆಫ್ ಮಾಡದೆ, ಟರ್ಬೋ ತಣಿಯಲು ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಊರೊಳಗಿನ ಓಡಾಟಕ್ಕೆ ಇದು ಬೇಕಿಲ್ಲ.

ಹೊಸದಾಗಿ ಸಿಳ್ಳೆ ಸದ್ದು ಶುರುವಾಗಿ ಪುಲ್ಲಿಂಗ್ ಕಮ್ಮಿಯಾದರೆ ಮೊದಲು ಇಂಟರ್‌ಕೂಲರ್ (ಟರ್ಬೋದ ಬಿಸಿ ಗಾಳಿ ತಣಿಸುವ ಭಾಗ) ಹೋಸ್ ಮತ್ತು ಕ್ಲ್ಯಾಂಪ್ ನೋಡಿಸಿ. ಸಣ್ಣ ಖರ್ಚಲ್ಲಿ ಮುಗಿಯುತ್ತದೆ. ನೀಲಿ ಹೊಗೆ ಬಂದರೆ ಟರ್ಬೋ ಸೀಲ್ ಮೇಲೆ ಅನುಮಾನ. ಎರಡು ಮೂರು ಕಿ.ಮೀ. ಓಡಿ ನಿಲ್ಲುವುದೇ ಹೆಚ್ಚಾದರೆ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್‌ಗೆ ಸಿಂಪಡಿಸುವ) ಟರ್ಬೋದಲ್ಲಿ ವಾಲ್ವ್‌ಗೆ ಕಾರ್ಬನ್ ಕಟ್ಟುತ್ತದೆ, ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸಿ.

ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಉದ್ದ ಮತ್ತು 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18, ಮೀರಿದರೆ ಶೇ. 40. ವೆನ್ಯೂವಿನ 1.0 ಲೀಟರ್ ಟರ್ಬೋ 172 ಎನ್‌ಎಂ ಕೊಟ್ಟೂ ಕಡಿಮೆ ತೆರಿಗೆಯಲ್ಲಿದೆ, ಬ್ರೆಝಾದ 1.5 ಎನ್‌ಎ ಇಲ್ಲ.

ಹತ್ತು ವರ್ಷ ಇಟ್ಟುಕೊಂಡು ಹೆಚ್ಚಾಗಿ ಸಿಗ್ನಲ್‌ಗಳ ನಡುವೆ ಓಡಿಸುವವರು ಹೋಂಡಾ ಎಲಿವೇಟ್‌ನಂಥ ಎನ್‌ಎ ಜೊತೆ ಸಿವಿಟಿ (ಹಂತಗಳಿಲ್ಲದ ಆಟೋಮ್ಯಾಟಿಕ್ ಗೇರ್) ತೆಗೆದುಕೊಳ್ಳಲಿ. ತಿಂಗಳಿಗೊಮ್ಮೆ ಐದು ಜನರೊಂದಿಗೆ ಘಾಟಿ ಹತ್ತುವವರಿಗೆ ಟರ್ಬೋನೇ ಸರಿ. ಅದರ ಜೊತೆ ಡಿಸಿಟಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್) ಬಂದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಬೇಡಿ, ಕ್ಲಚ್ ಬಿಸಿಯಾಗುತ್ತದೆ. ಬ್ರೇಕ್ ಹಿಡಿದು, ಮುಂದೆ ಒಂದು ಕಾರಿನಷ್ಟು ಜಾಗ ಸಿಕ್ಕ ಮೇಲೆ ಒಮ್ಮೆಲೇ ಮುಂದಕ್ಕೆ ಸಾಗಿ.