ಆರೋಗ್ಯ, ಫಿಟ್ನೆಸ್ ಇಂಟರ್ನ್‌ಶಿಪ್: ಕಾರವಾರ, ಶಿರಸಿಯವರು ಹೊಂದಿಸಿಕೊಳ್ಳುವ ಬಗೆ

ಜೂನ್‌ನಲ್ಲಿ ಸೇರಬೇಕೆಂದರೆ ಮಾರ್ಚ್‌ನಲ್ಲೇ ಓಡಾಟ ಶುರುವಾಗಬೇಕು. ಎಷ್ಟು ಗಂಟೆ ಬೇಕು, ಮೇಲ್ವಿಚಾರಕರಿಗೆ ಯಾವ ಅರ್ಹತೆ ಇರಬೇಕು ಎಂದು ಮೊದಲು ಕಾಲೇಜಿನಿಂದ ಬರೆಸಿಕೊಳ್ಳಿ. ಜಿಮ್‌ನವರ ಬಾಯಿಮಾತು ನಂಬಿ 240 ಗಂಟೆ ದುಡಿದು, ಆಮೇಲೆ ಕಾಲೇಜು ಒಪ್ಪದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸರ್ಕಾರಿ ಕಡೆಯಾದರೆ ಪ್ರಾಂಶುಪಾಲರ ಸಹಿ, ಮೊಹರು ಇರುವ ಪತ್ರವನ್ನು ಕಾರವಾರದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಕೊಡಿ. ಎರಡನೇ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳದೆ ಹೊರಬರಬೇಡಿ. ಮುಂದೆ ವಿಚಾರಿಸಲು ಅದೇ ಆಧಾರ. ‘ಆರೋಗ್ಯ ಕ್ಷೇತ್ರದಲ್ಲಿ ಅವಕಾಶ ಕೊಡಿ’ ಎಂದು ಬರೆದರೆ ಪತ್ರ ಯಾರ ಟೇಬಲ್ಲಿಗೆ ಹೋಗಬೇಕೆಂದೇ ತಿಳಿಯದು. ‘30 ವರ್ಷ ದಾಟಿದವರ ಬಿಪಿ, ಸಕ್ಕರೆ ತಪಾಸಣೆಗೆ ನೆರವು’ ಎಂದರೆ ಅಸಾಂಕ್ರಾಮಿಕ (ಒಬ್ಬರಿಂದೊಬ್ಬರಿಗೆ ಹರಡದ) ರೋಗ ವಿಭಾಗಕ್ಕೆಂದು ಗೊತ್ತಾಗುತ್ತದೆ.

ಹೋಗುವ ಮುನ್ನ ಬಿಪಿ ನೋಡುವುದನ್ನು ರೂಢಿಸಿಕೊಳ್ಳಿ: 5 ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಮಟ್ಟಕ್ಕೆ ಇರಿಸಿ. ಮೆಟ್ಟಿಲು ಹತ್ತಿ ಬಂದವರಿಗೆ ಕೂಡಲೇ ಪಟ್ಟಿ ಕಟ್ಟಿದರೆ ರೀಡಿಂಗ್ ಏರಿರುತ್ತದೆ.

ಇಂಟರ್ನ್‌ಶಿಪ್‌ನಲ್ಲಿ ಕಡಲತೀರದ ವಾಕಿಂಗ್ ಗುಂಪು ನಡೆಸುವ ಯೋಜನೆ ನಮ್ಮ ಮಳೆಗಾಲಕ್ಕೆ ಆಗಿಬರದು, ಬದಲಿಗೆ ಸಭಾಭವನ ಕೇಳಿಡಿ. ಶಿರಸಿಯವರು ದಿನಾ ಘಟ್ಟ ಇಳಿಯುವ ಲೆಕ್ಕ ಬಿಟ್ಟು ತಾಲ್ಲೂಕಿನಲ್ಲೇ ಜಾಗ ಕೇಳುವುದು ಲೇಸು. ಗಂಟೆಗಳಿಗೆ ಅಂದಂದೇ ಸಹಿ ಹಾಕಿಸಿ. ಮೇಲ್ವಿಚಾರಕರಿಗೆ ವರ್ಗವಾದರೆ ಹಳೆಯ ಲೆಕ್ಕಕ್ಕೆ ಸಹಿ ಸಿಗುವುದು ಕಷ್ಟ.