ಮೊದಲು ಐದೇ ಅಕ್ಷರ: ರ ಗ ಸ ದ ಅ
ಅ ಆ ಇ ಈ ಬಾಯಿಪಾಠಕ್ಕೆ ಮೊದಲು ಈ ಐದನ್ನು ಕಲಿಸಿ, ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯಲ್ಲೂ ಆರಂಭ ಇವುಗಳಿಂದಲೇ. ಬೆಂಕಿಪೊಟ್ಟಣದಷ್ಟು ಅಗಲದ ರಟ್ಟಿನ ಚೂರುಗಳಲ್ಲಿ ಬರೆದು (ಒಂದೊಂದೂ ಎರಡೆರಡು ಇರಲಿ, ಗರಗಸಕ್ಕೆ ಎರಡು ಗ ಬೇಕು) ಸರ, ರಸ, ಅರಸ, ಅಗಸ, ದಸರ ಜೋಡಿಸಲು ಬಿಡಿ. ಕಾಗುಣಿತ, ಒತ್ತಕ್ಷರ ಯಾವುದೂ ಬೇಡದ ಕಾರಣ ಮಗು ಬೇಗನೆ ನಿಜವಾದ ಪದ ಓದುತ್ತದೆ. ಸಾಲಾಗಿ ಕಲಿತ ಮಗು ರಾಗದಲ್ಲಿ ಒಪ್ಪಿಸುತ್ತದೆ, ನಡುವಿನ ಅಕ್ಷರಕ್ಕೆ ಬೆರಳಿಟ್ಟರೆ ತಡವರಿಸುತ್ತದೆ. ಮುಂದೆ ವ, ಮ ಒಂದೇ ದಿನ ಬೇಡ, ಬಾಲವೊಂದೇ ವ್ಯತ್ಯಾಸ, ಖಂಡಿತ ಅದಲುಬದಲಾಗುತ್ತೆ. ಮನೆಮಾತು ಕನ್ನಡವಲ್ಲದ, ಇಲ್ಲವೇ ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಇದಿಷ್ಟೇ ಸಾಲದು: ಅಗಸ ಯಾರೆಂದೇ ಗೊತ್ತಿಲ್ಲದಿದ್ದರೆ ಓದು ಬರೀ ಸದ್ದು. ಅವರಿಗೆ ಮೊದಲು ಚಿತ್ರ, ಮಾತು; ಆಮೇಲೆ ರಟ್ಟು.