ಇಂಡಿಕೇಟರ್ ಹಾಕಿದರೆ ಕುಣಿಯುವ ಡೀಸೆಲ್ ಮುಳ್ಳು

ದೇವಿಮನೆ ಘಟ್ಟ ಅರ್ಧ ಹತ್ತಿದ್ದೆವು. ಬೆಳಗಿನ ಜಾವ ಮೂರೂವರೆ. ಹಿಂದೆ ತದಡಿಯಲ್ಲಿ ತುಂಬಿದ 40 ಕ್ರೇಟ್ ಬಂಗಡೆ, ಅದರ ಮೇಲೆ ಐಸು. ಐದೂವರೆಗೆ ಶಿರಸಿ ಮುಟ್ಟಬೇಕು. ಒಂದು ತಿರುವಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿತು. ಆಮೇಲೆ ಸುಮ್ಮನಾಯಿತು.

'ಅಣ್ಣಾ, ಡೀಸೆಲ್ ಖಾಲಿಯಾಯ್ತಾ ಎಂತ?' ಅಂದ ಪಕ್ಕದಲ್ಲಿ ಕೂತಿದ್ದ ಹುಡುಗ.

ಮೀಟರ್ ನೋಡಿದೆ. ಮುಳ್ಳು ಖಾಲಿ ಗೆರೆಯ ಮೇಲೆ ಮಲಗಿತ್ತು. 'ಹೇ, ಅದು ಯಾವಾಗ್ಲೂ ಹಾಗೇ ತೋರಿಸ್ತದೆ ಮಾರಾಯಾ' ಅಂದೆ.

ಮುಳ್ಳು ಹಾಗೆ ಮಲಗಿ ಎರಡು ತಿಂಗಳಾಗಿತ್ತು. ಟ್ಯಾಂಕ್ ತುಂಬಿದ್ದರೂ ಖಾಲಿ, ಅರ್ಧ ಇದ್ದರೂ ಖಾಲಿ. ನಾನು ದುಡ್ಡಿನ ಲೆಕ್ಕದಲ್ಲಿ ಗಾಡಿ ಓಡಿಸುತ್ತಿದ್ದೆ. ಇಷ್ಟು ಟ್ರಿಪ್ಪಿಗೆ ಇಷ್ಟು ರೂಪಾಯಿ ಡೀಸೆಲ್, ಅಷ್ಟೇ. ಹಿಂದಿನ ದಿನ ಐಸು ತರಲು ಅಂಕೋಲೆಗೆ ಹೋಗಿ ಬಂದದ್ದು ಆ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಆ ರಾತ್ರಿ ಮಾತ್ರ ಮುಳ್ಳು ನಿಜ ಹೇಳುತ್ತಿತ್ತು.

ಶಿರಸಿ ಕಡೆಯಿಂದ ಇಳಿದು ಬಂದ ಲಾರಿಯವನೊಬ್ಬ ನಿಲ್ಲಿಸಿ ಐದು ಲೀಟರ್ ಕೊಟ್ಟ. ದುಡ್ಡು ತೆಗೆದುಕೊಂಡ, ಜೊತೆಗೆ ಎರಡು ಮಾತು ಬೈದ. ಬೈಗುಳಕ್ಕೆ ನಾನು ಲಾಯಕ್ಕಾಗಿದ್ದೆ ಬಿಡಿ.

ಡೀಸೆಲ್ ಗಾಡಿ ಖಾಲಿಯಾಗಿ ನಿಂತರೆ ಸುರಿದ ಕೂಡಲೇ ಹೊರಡುವುದಿಲ್ಲ. ಪೈಪಿನೊಳಗೆ ಗಾಳಿ ಹೊಕ್ಕಿರುತ್ತದೆ. 'ಏರ್ ಹಿಡಿದಿದೆ' ಅನ್ನುತ್ತೇವಲ್ಲ, ಅದು. ನನ್ನ ಗಾಡಿಯಲ್ಲಿ ಫಿಲ್ಟರಿನ ಹತ್ತಿರ ಕೈಯಿಂದ ಒತ್ತುವ ಸಣ್ಣ ಪಂಪು ಇದೆ. ಫಿಲ್ಟರಿನ ಏರ್ ಸ್ಕ್ರೂ ಸ್ವಲ್ಪ ಸಡಿಲಿಸಿ ಅದನ್ನು ಒತ್ತುತ್ತ ಹೋಗಬೇಕು. ಮೊದಲು ಬರೀ ನೊರೆ, ಗುಳ್ಳೆ. ಗುಳ್ಳೆ ನಿಂತು ಡೀಸೆಲ್ ಸಲೀಸಾಗಿ ಬಂದ ಮೇಲೆ ಸ್ಕ್ರೂ ಬಿಗಿದು, ಪಂಪು ಕೈಗೆ ಗಟ್ಟಿಯಾಗುವ ತನಕ ಒತ್ತಿ, ಆಮೇಲೆ ಸೆಲ್ಫ್. ನಾನು ಮೊದಲು ಹಾಗೆ ಮಾಡಲಿಲ್ಲ. ಗಡಿಬಿಡಿಯಲ್ಲಿ ಸೆಲ್ಫ್ ಹೊಡೆಯುತ್ತಲೇ ಹೋದೆ. ನೀವು ಅದನ್ನು ಮಾಡಬೇಡಿ. ಸೆಲ್ಫ್ ಮೋಟರು ಬಿಸಿಯಾಗುತ್ತದೆ, ಬ್ಯಾಟರಿ ಮಲಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಭಯ ಎಂಜಿನ್ನಿಗೆ ಡೀಸೆಲ್ ತಳ್ಳುವ ಹೈ ಪ್ರೆಶರ್ ಪಂಪಿನದು. ಅದರೊಳಗಿನ ಭಾಗಗಳಿಗೆ ಡೀಸೆಲ್ಲೇ ಜಾರೆಣ್ಣೆ. ಒಣಗಿ ತಿರುಗಿದರೆ ಸವೆಯುತ್ತದೆ.

ಶಿರಸಿ ಮುಟ್ಟುವಾಗ ಏಳು ದಾಟಿತ್ತು. ಸಗಟು ತೆಗೆದುಕೊಳ್ಳುವವರು ಬೇರೆ ಗಾಡಿಯ ಮೀನು ಏರಿಸಿಕೊಂಡು ಹೋಗಿಯಾಗಿತ್ತು. ಉಳಿದವರು ಕೇಳಿದ ರೇಟಿಗೆ ಕೊಟ್ಟು ಬಂದೆ.

ಮಾರನೇ ದಿನವೇ ಒಂದು ಗ್ಯಾರೇಜಿಗೆ ಹೋದೆ. 'ಸೆನ್ಸರ್ ಹೋಗಿದೆ' ಅಂದರು. ಕರೆಂಟು, ತಡೆ ಅಳೆಯುವ ಮಲ್ಟಿಮೀಟರನ್ನು ಯಾವ ವೈರಿಗೂ ಹಚ್ಚಿ ನೋಡಲಿಲ್ಲ, ಮಾತಿನಲ್ಲೇ ತೀರ್ಮಾನ. ಟ್ಯಾಂಕ್ ಇಳಿಸಿ ಹೊಸ ಸೆನ್ಸರ್ ಕೂರಿಸಿದರು. ಕೂಲಿ ಸೇರಿ ನಾಲ್ಕು ಸಾವಿರದ ಹತ್ತಿರ ಬಿತ್ತು. ಕೀಲಿ ತಿರುಗಿಸಿದರೆ ಮುಳ್ಳು ಎದ್ದಿತು. ಖುಷಿಯಾಯಿತು. ಇನ್ನೊಂದು ವಿಚಿತ್ರ ನೋಡಿ: ಎರಡು ತಿಂಗಳಿಂದ ಉರಿಯದೇ ಇದ್ದ ಹಿಂದಿನ ಬಲಗಡೆ ದೀಪವೂ ಬಂತು, ಮಬ್ಬಾಗಿ. ಬಲ್ಬ್ ಬದಲಿಸಿದರೂ ಉರಿಯದೇ ಇದ್ದ ದೀಪ ಅದು. ಡೀಸೆಲ್ ಸೆನ್ಸರ್ ಹಾಕಿದರೆ ಹಿಂದಿನ ದೀಪ ಯಾಕೆ ಬರಬೇಕು? ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಅಲ್ಲೇ ಕೇಳಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಒಂದು ವಾರ ಚೆನ್ನಾಗಿತ್ತು. ಆಮೇಲೆ ಮುಳ್ಳು ಮತ್ತೆ ಮನಸ್ಸಿಗೆ ಬಂದ ಹಾಗೆ ಆಡತೊಡಗಿತು. ಟ್ಯಾಂಕ್ ಫುಲ್ ಮಾಡಿಸಿದರೆ ಮುಕ್ಕಾಲಿಗೆ ನಿಲ್ಲುತ್ತಿತ್ತು. ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದರೆ ಕೆಳಗೆ, ಬಿಟ್ಟರೆ ಮೇಲೆ. ಇಳಿಜಾರಿನಲ್ಲಿ ಡೀಸೆಲ್ ಮುಂದಕ್ಕೆ ಬರುತ್ತದಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಇಳಿಜಾರಿಗೆ ಮುಳ್ಳು ಒಂದಿಷ್ಟು ಸರಿಯುವುದು ಸಹಜ ಕೂಡ. ಆದರೆ ಒಂದು ಸಂಜೆ ಕತಗಾಲದ ಹತ್ತಿರ ಬಲಕ್ಕೆ ತಿರುಗಿಸಲು ಇಂಡಿಕೇಟರ್ ಹಾಕಿ ನಿಂತಿದ್ದೆ. ರಸ್ತೆ ಸಪಾಟು. ಹುಡುಗ ಮೀಟರ್ ನೋಡುತ್ತ ಕೂತಿದ್ದ.

'ಅಣ್ಣಾ, ಇಲ್ಲಿ ನೋಡಿ. ಟಿಕ್ ಅಂದಾಗ ಮುಳ್ಳು ಕೆಳಗೆ ಜಗ್ತದೆ.'

ನೋಡಿದೆ. ಹೌದು. ದೀಪ ಹೊತ್ತಿದಾಗ ಮುಳ್ಳು ಒಂದು ಕೂದಲೆಳೆ ಕೆಳಗೆ, ಆರಿದಾಗ ಮೇಲೆ. ತಾಳ ಹಾಕಿದ ಹಾಗೆ. ಎಡಕ್ಕೆ ಹಾಕಿದರೆ ಏನೂ ಇಲ್ಲ. ಬಲಕ್ಕೆ ಹಾಕಿದರೆ ಕುಣಿತ. ಬಲಗಡೆಯ ಟಿಕ್ ಟಿಕ್ ಸ್ವಲ್ಪ ಬೇಗ ಬೇಗ ಹೊಡೆದುಕೊಳ್ಳುತ್ತಿತ್ತು ಬೇರೆ. ಟ್ಯಾಂಕಿನೊಳಗಿನ ಸೆನ್ಸರಿಗೆ ಎಡ ಬಲ ಎಲ್ಲಿ ಗೊತ್ತಾಗುತ್ತದೆ? ತಕರಾರು ಸೆನ್ಸರಿನದಲ್ಲ ಅಂತ ಅಲ್ಲೇ ಖಾತ್ರಿಯಾಯಿತು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನನ್ನ ಗಾಡಿಗೂ ಹೆಚ್ಚುಕಡಿಮೆ ಅದೇ ರಜೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಮಲ್ಟಿಮೀಟರ್ ಹಿಡಿದು ಕೂತೆ. ಅದರ ಬೆಲೆ ಒಂದು ಕ್ರೇಟ್ ತಾರ್ಲಿ ಮೀನಿನಷ್ಟೂ ಇಲ್ಲ.

ಮೊದಲು ಗ್ಯಾರೇಜಿನವರು ತೆಗೆದುಕೊಟ್ಟ ಹಳೇ ಸೆನ್ಸರ್ ನೋಡಿದೆ. ಎಸೆಯದೇ ಇಟ್ಟದ್ದು ಒಳ್ಳೆಯದಾಯಿತು. ಅದರ ಕೆಲಸ ಬಲು ಸರಳ. ಬಲೆಗೆ ಬೆಂಡು ಕಟ್ಟುತ್ತೇವಲ್ಲ, ಅಂಥದೇ ಒಂದು ಬೆಂಡು ಡೀಸೆಲ್ ಮೇಲೆ ತೇಲುತ್ತದೆ. ಅದಕ್ಕೊಂದು ಉದ್ದ ತಂತಿಯ ತೋಳು. ತೋಳಿನ ಇನ್ನೊಂದು ತುದಿ ಒಂದು ಸಣ್ಣ ಪಟ್ಟಿಯ ಮೇಲೆ ಉಜ್ಜುತ್ತ ಸರಿಯುತ್ತದೆ. ಸರಿದ ಹಾಗೆ ಕರೆಂಟಿಗೆ ಇರುವ ತಡೆ ಹೆಚ್ಚು ಕಡಿಮೆ ಆಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಆ ತಡೆಯನ್ನು ಓದುತ್ತದೆ. ಜಗಲಿಯ ಮೇಲೆ ಕೂತು ಎರಡು ತುದಿಗೆ ಮಲ್ಟಿಮೀಟರ್ ಹಚ್ಚಿ ತೋಳನ್ನು ಮೆಲ್ಲಗೆ ಎತ್ತಿದೆ, ಇಳಿಸಿದೆ. ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ. ಬೆಂಡು ಮೇಲಿದ್ದಾಗ 10 ಓಮ್ ಆಸುಪಾಸು, ಕೆಳಗಿದ್ದಾಗ 100ರ ಆಸುಪಾಸು. ನಡುವೆ ಎಲ್ಲೂ ಸಂಖ್ಯೆ ಹಾರಲಿಲ್ಲ. ಅಂದರೆ ಸರಿಯಾಗಿದ್ದ ಸೆನ್ಸರನ್ನೇ ತೆಗೆಸಿದ್ದೆ.

ಈ ಸಂಖ್ಯೆ ಎಲ್ಲ ಗಾಡಿಗೂ ಒಂದೇ ಅಲ್ಲ. ಕೆಲವದರಲ್ಲಿ ತಿರುಗಾಮುರುಗಾ, ತುಂಬಿದಾಗ ಜಾಸ್ತಿ. ನೋಡಬೇಕಾದದ್ದು ಸಂಖ್ಯೆ ನುಣ್ಣಗೆ ಏರಿಳಿಯುತ್ತದೋ ಇಲ್ಲವೋ ಅಂತ. ಒಂದೇ ಜಾಗದಲ್ಲಿ ಪ್ರತಿ ಸಲ ಜಿಗಿದರೆ ಪಟ್ಟಿ ಅಲ್ಲಿ ಸವೆದಿದೆ. ಯಾವಾಗಲೂ ಕಾಲು ಟ್ಯಾಂಕಿನಲ್ಲೇ ಓಡಿಸುವವರ ಪಟ್ಟಿ ಆ ಭಾಗದಲ್ಲೇ ಸವೆಯುತ್ತದೆ. ಬೆಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಳುಕುಳು ಅಂದರೆ ತೂತಾಗಿ ಡೀಸೆಲ್ ಕುಡಿದಿದೆ, ಅದು ಮುಳುಗೇ ಇರುತ್ತದೆ.

ಆಮೇಲೆ ಗಾಡಿಯಡಿ ನುಸುಳಿದೆ. ಟ್ಯಾಂಕ್ ಇಳಿಸಲಿಲ್ಲ. ನನ್ನ ಗಾಡಿಯಲ್ಲಿ ಟ್ಯಾಂಕಿನಿಂದ ಸ್ವಲ್ಪ ದೂರದಲ್ಲಿ, ಚಾಸಿಸ್ಸಿನ ಪಕ್ಕ ಸೆನ್ಸರ್ ವೈರಿನ ಕನೆಕ್ಟರ್ ಇದೆ. ಅದನ್ನು ಬಿಚ್ಚಿ ಕೀಲಿ ತಿರುಗಿಸಿದರೆ ಮುಳ್ಳು ಪೂರ್ತಿ ಖಾಲಿಗೆ ಬಿತ್ತು. ಕೀಲಿ ಆಫ್ ಮಾಡಿ, ಗಾಡಿ ಕಡೆಯ ಮುಳ್ಳಿನ ವೈರಿಗೆ ಒಂದು ಉದ್ದ ತಂತಿ ಸಿಕ್ಕಿಸಿ ನೇರ ಬ್ಯಾಟರಿಯ ಮೈನಸ್ಸಿಗೆ ಕೊಟ್ಟೆ. ಮತ್ತೆ ಕೀಲಿ. ಮುಳ್ಳು ಅಳುಕಿಲ್ಲದೆ ಫುಲ್ಲಿನ ತನಕ ಹೋಯಿತು. ಅಂದರೆ ಡ್ಯಾಶ್‌ಬೋರ್ಡೂ ಸರಿ, ಅಲ್ಲಿಯವರೆಗಿನ ವೈರೂ ಸರಿ. ಈಗ ಅದೇ ವೈರನ್ನು ಕನೆಕ್ಟರಿನಲ್ಲೇ ಇರುವ ಅರ್ತ್ ವೈರಿಗೆ, ಅಂದರೆ ಕರೆಂಟು ಗಾಡಿಯ ಮೈ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ವೈರಿಗೆ, ಜೋಡಿಸಿದೆ. ಮುಳ್ಳು ಏರಿತು, ನಡುಗಿತು, ಫುಲ್ಲಿಗೆ ಮೊದಲೇ ನಿಂತಿತು. ಕಳ್ಳ ಸಿಕ್ಕಿದ.

ಇದನ್ನು ಮಾಡುವವರಿಗೆ ಎರಡು ಮಾತು. ನನ್ನದು ಹಳೇ ಮಾದರಿಯ ಮುಳ್ಳಿನ ಮೀಟರು, ಡೀಸೆಲ್ ಗಾಡಿ. ಹೊಸ ಗಾಡಿಗಳಲ್ಲಿ ಸೆನ್ಸರ್ ವೈರು ಕಂಪ್ಯೂಟರಿಗೆ ಹೋಗಿರುತ್ತದೆ, ಅಲ್ಲಿ ಹೀಗೆ ನೇರ ತಂತಿ ಕೊಡಬೇಡಿ. ಪೆಟ್ರೋಲ್ ಟ್ಯಾಂಕಿನ ಹತ್ತಿರವಂತೂ ಇಂಥ ಪ್ರಯೋಗವೇ ಬೇಡ. ಒಂದು ಕಿಡಿ ಸಾಕು.

ಅರ್ತ್ ವೈರಿನ ಬೆನ್ನು ಹತ್ತಿದೆ. ಅದು ಹಿಂದಕ್ಕೆ ಹೋಗಿ, ಬಲಗಡೆ ದೀಪದ ಅರ್ತ್ ವೈರಿನ ಜೊತೆ ಒಂದೇ ಬೋಲ್ಟಿನಡಿ ಸೇರಿಕೊಂಡಿತ್ತು. ಆ ಬೋಲ್ಟ್ ಎಲ್ಲಿ ಅಂದರೆ, ಬಾಡಿಯ ಹಲಗೆಯ ಸಂದಿನಿಂದ ಮೀನಿನ ನೀರು ತೊಟ್ಟಿಕ್ಕುವ ಜಾಗದ ಸರಿಯಾಗಿ ಕೆಳಗೆ. ಐಸು ಕರಗಿದ ಉಪ್ಪುನೀರು ದಿನಾ ರಾತ್ರಿ ಮೂರು ತಾಸು ಅದರ ತಲೆಯ ಮೇಲೆ. ಬೋಲ್ಟ್ ಅನ್ನುವುದೇ ಕಾಣಲಿಲ್ಲ, ತುಕ್ಕಿನ ಒಂದು ಉಂಡೆ ಇತ್ತು. ಹತ್ತರ ಪಾನಾ ಕೂರಲೇ ಇಲ್ಲ. ತುಕ್ಕೆಣ್ಣೆ ಹೊಡೆದು ಒಂದು ತಾಸು ಬಿಟ್ಟು ಇಕ್ಕಳದಲ್ಲಿ ತಿರುಗಿಸಿದೆ. ಅಡಿಯಲ್ಲಿದ್ದ ತಾಮ್ರದ ವೈರಿಗೆ ಹಸಿರು ಕಿಲುಬು. ಬೆರಳಲ್ಲಿ ಒತ್ತಿದರೆ ಎಳೆಗಳು ಪುಡಿಯಾಗಿ ಉದುರಿದವು. ವಾಸನೆ ಮಾತ್ರ ಒಣಮೀನಿನದೇ.

ಬಿಚ್ಚುವ ಮೊದಲು ಅಳೆದಿದ್ದೆ. ವೈರಿನ ತುದಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಸಂಖ್ಯೆ ನಿಲ್ಲುತ್ತಲೇ ಇರಲಿಲ್ಲ. 12, 19, ವೈರು ಅಲ್ಲಾಡಿಸಿದರೆ 40 ದಾಟುತ್ತಿತ್ತು. ಇರಬೇಕಾದದ್ದು ಒಂದು ಓಮಿಗೂ ಕಡಿಮೆ. ಸೆನ್ಸರ್ 10 ಓಮ್ ತೋರಿಸಿ 'ಟ್ಯಾಂಕ್ ತುಂಬಿದೆ' ಅಂದರೂ ಅದರ ಮೇಲೆ ತುಕ್ಕಿನ ಇಪ್ಪತ್ತೋ ಮೂವತ್ತೋ ಕೂಡುತ್ತದೆ. ಮುಳ್ಳಿಗೆ ಒಟ್ಟು ಮೊತ್ತ ಮಾತ್ರ ಗೊತ್ತು. ಅದು ಅಷ್ಟು ಕಡಿಮೆ ಡೀಸೆಲ್ ಅಂತ ಓದುತ್ತದೆ.

ಇಂಡಿಕೇಟರಿನ ಕುಣಿತಕ್ಕೂ ಇದೇ ಕಾರಣ. ಘಟ್ಟದ ಮೇಲಿನವರಿಗೆ ಹೇಳುವುದಾದರೆ ಅಡಿಕೆ ತೋಟದ ಬಸಿಗಾಲುವೆಯ ಹಾಗೆ. ಎರಡು ಕಾಲುವೆ ಒಂದೇ ಗಂಡಿಯಲ್ಲಿ ಹೊರಗೆ ಹೋಗಬೇಕು. ಗಂಡಿಯಲ್ಲಿ ಸೋಗೆ ಸಿಕ್ಕಿಕೊಂಡಿದೆ. ದೊಡ್ಡ ಕಾಲುವೆಯಲ್ಲಿ ನೀರು ಬಂದಾಗಲೆಲ್ಲ ಸಣ್ಣ ಕಾಲುವೆಯ ನೀರು ಹಿಂದಕ್ಕೆ ನಿಲ್ಲುತ್ತದೆ. ದೀಪದ ಕರೆಂಟು ದೊಡ್ಡದು, ಸೆನ್ಸರಿನದು ಸಣ್ಣದು. ದೀಪ ಹೊತ್ತಿದಾಗ ಮುಳ್ಳು ಕೆಳಗೆ. ಬಲಗಡೆ ದೀಪ ಮಬ್ಬಾಗಿದ್ದದ್ದೂ, ಟಿಕ್ ಟಿಕ್ ಬೇಗ ಹೊಡೆಯುತ್ತಿದ್ದದ್ದೂ ಅದೇ ಸೋಗೆಯಿಂದ. ಹೊಸ ಸೆನ್ಸರ್ ಹಾಕುವಾಗ ಗ್ಯಾರೇಜಿನವರು ವೈರು ಎಳೆದಾಡಿರಬೇಕು. ತುಕ್ಕು ಸ್ವಲ್ಪ ಅಲುಗಿ ಒಂದು ವಾರ ದಾರಿ ಬಿಟ್ಟಿತ್ತು.

ರಿಪೇರಿಗೆ ಹೇಳುವಂಥದ್ದು ಏನಿಲ್ಲ. ಕೊಳೆತ ವೈರು ಕತ್ತರಿಸಿ ಹೊಳೆಯುವ ತಾಮ್ರ ಸಿಗುವ ತನಕ ಹಿಂದೆ ಹೋದೆ. ತುದಿಗೆ ಹೊಸ ಲಗ್ಗು, ಅಂದರೆ ಬೋಲ್ಟಿಗೆ ಕೂರುವ ಲೋಹದ ಬಳೆ, ಒತ್ತಿಸಿದೆ. ಸೆನ್ಸರಿನ ಅರ್ತನ್ನು ದೀಪದಿಂದ ಬೇರೆ ಮಾಡಿ ಕ್ಯಾಬಿನ್ನಿನ ಹಿಂದೆ, ನೀರು ಬೀಳದ ಜಾಗಕ್ಕೆ ತಂದೆ. ಅಲ್ಲಿ ಬಣ್ಣ ಕೆರೆದು, ಮರಳು ಕಾಗದದಿಂದ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ಬೋಲ್ಟ್ ಬಿಗಿದು, ಮೇಲಿನಿಂದ ದಪ್ಪಕ್ಕೆ ಗ್ರೀಸ್ ಮೆತ್ತಿದೆ. ಬಣ್ಣದ ಮೇಲೆಯೇ ಬೋಲ್ಟ್ ಬಿಗಿಯುವವರನ್ನು ನೋಡಿದ್ದೇನೆ, ಅದರಿಂದ ಉಪಯೋಗವಿಲ್ಲ. ಅಳೆದಾಗ 0.3 ಓಮ್. ಸಾಮಾನಿನ ಖರ್ಚು ನೂರು ರೂಪಾಯಿಯ ಒಳಗೆ. ಬಾಡಿಯ ಸಂದಿಗೆ ಒಂದು ತಗಡು ಬಾಗಿಸಿ ಕೂರಿಸಿ, ನೀರು ನೇರ ರಸ್ತೆಗೆ ಬೀಳುವ ಹಾಗೆ ಪೈಪ್ ಕೊಟ್ಟೆ. ಅದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಆಗಸ್ಟಿನಿಂದ ಮತ್ತೆ ಘಟ್ಟ ಹತ್ತುತ್ತಿದ್ದೇವೆ. ಫುಲ್ ಅಂದರೆ ಫುಲ್, ಅರ್ಧ ಅಂದರೆ ಅರ್ಧ. ಆದರೂ ಡೀಸೆಲ್ ಹಾಕಿಸಿದ ಕೂಡಲೇ ಟ್ರಿಪ್ ಮೀಟರ್ ಸೊನ್ನೆಗೆ ತಂದು, ಲೀಟರು ಮತ್ತು ಕಿಲೋಮೀಟರು ಒಂದು ಪುಸ್ತಕದಲ್ಲಿ ಬರೆಯುತ್ತೇನೆ. ಲೋಡ್ ಇಟ್ಟು ಹತ್ತುವಾಗ ಲೀಟರಿಗೆ 9, ಖಾಲಿ ಇಳಿಯುವಾಗ 13. ಮುಳ್ಳಿನ ಮೇಲೆ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಹುಡುಗನಿಗೂ ಬಂದಿಲ್ಲ. ಕತಗಾಲ ದಾಟಿ ಘಟ್ಟ ಶುರುವಾಗುವ ಮೊದಲು ಕೈ ಚಾಚಿ ಬಲಗಡೆ ಇಂಡಿಕೇಟರ್ ಒಮ್ಮೆ ಹಾಕುತ್ತಾನೆ, ಮುಳ್ಳು ನೋಡುತ್ತಾನೆ, ಆಫ್ ಮಾಡುತ್ತಾನೆ. ಹಿಂದೆ ಬರುವ ಗಾಡಿಯವರು ಹಾರ್ನ್ ಹೊಡೆಯುತ್ತಾರೆ.